ಮೊಳೆಯಿಲ್ಲದ ಚಪ್ಪಲಿ

ಕಳೆದ ತಿಂಗಳು ಕುಮಟಾದಲ್ಲಿ ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಸಲ್ಯೂಷನ್ ಅಂಟಿನ ವಾಸನೆ ಬಂತು. ಬಾಗಿಲ ಪಕ್ಕ ಕೂತವರೊಬ್ಬರು ಕಿತ್ತುಬಂದ ಅಟ್ಟೆಗೆ ಅದನ್ನು ಸವರಿ, ಆರಲೆಂದು ಊದುತ್ತಿದ್ದರು. ಪೆಟ್ರೋಲಿನಂಥ, ತಲೆ ತುಸು ಹಗುರಾಗಿಸುವ ಆ ಘಾಟು… ನಾನು ಬಂದ ಕೆಲಸ ಮರೆತು ಅಲ್ಲೇ ನಿಂತೆ. ಹೊನ್ನಾವರದ ಬಸ್ ಸ್ಟ್ಯಾಂಡಿನ ಹೊರಗೆ ತಗಡಿನ ಮಾಡಿನ ಕೆಳಗೆ ಕೂರುತ್ತಿದ್ದ ಕಾಕಾ ಕಣ್ಣ ಮುಂದೆ ಬಂದರು.

ಕಾಕಾ ನಮಗೆ ಸಂಬಂಧಿಕರೇನಲ್ಲ. ಹುಬ್ಬಳ್ಳಿ ಕಡೆಯಿಂದ ಯಾವಾಗಲೋ ಘಟ್ಟ ಇಳಿದು ಬಂದು, ಬಸ್ಸಿಗೆ ಕಾಯುವವರ ಚಪ್ಪಲಿ ಹೊಲಿದುಕೊಡುತ್ತ ಅಲ್ಲೇ ಉಳಿದವರು. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾವೂ ಅನ್ನುತ್ತಿದ್ದೆವು. ಆಗ ನಾನು ಎದುರಿನ ಮಹಡಿಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಕಿಟಕಿಯಿಂದ ಅವರ ಕೈಕೆಲಸ ಕಾಣುತ್ತಿತ್ತು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಆಚೆಯಿಂದ ಒಂದು, ಈಚೆಯಿಂದ ಒಂದು ಹಾಯಿಸಿ ಬಿಗಿಯಾಗಿ ಎಳೆಯುತ್ತಿದ್ದರು. ನಮ್ಮ ಮಶಿನ್ನಿನ ಹೊಲಿಗೆ ಒಂದು ಕಡೆ ಹರಿದರೆ ಸಾಲಿಡೀ ಬಿಚ್ಚಿಕೊಳ್ಳುವುದುಂಟು. ಅವರ ಹೊಲಿಗೆ ಹಾಗೆ ಬಿಚ್ಚಿಕೊಂಡದ್ದನ್ನು ನಾನು ಕಂಡದ್ದಿಲ್ಲ. ಎಂಥ ಸೆಕೆಯಲ್ಲೂ ಅವರ ಕಾಲ ಮೇಲೊಂದು ಗೋಣಿ ಇರುತ್ತಿತ್ತು. ಚರ್ಮ ಕೊಯ್ಯುವಾಗ ಕತ್ತಿ ಜಾರೀತು ಎಂಬ ಎಚ್ಚರಿಕೆಗೆ ಇರಬೇಕು ಅಂದುಕೊಂಡಿದ್ದೆ.

ನಾನು ಅವರನ್ನು ಸರಿಯಾಗಿ ಬಲ್ಲವಳಾದದ್ದು ಅತ್ತೆಯ ಕಾಲಿನಿಂದಾಗಿ. ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇದ್ದು, ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದವಳು. ಕಡಲ ದಂಡೆಯ ಹೊಯಿಗೆಯ ಮೇಲೆ ಬೆಳೆದವಳಿಗೆ ಚಪ್ಪಲಿ ಮೆಟ್ಟುವುದೆಂದರೆ ಕಾಲಿಗೆ ಬೀಗ ಹಾಕಿದಂತೆ. ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಗ ನೆಲದ ಮೇಲೆ ರಕ್ತದ ಗುರುತು ಕಂಡೆ. ಹಿಡಿದು ಕೂರಿಸಿ ನೋಡಿದರೆ ಅಂಗಾಲಿನಲ್ಲಿ ಚಿಪ್ಪಿನ ಚೂರು ಆಳಕ್ಕೆ ಹೊಕ್ಕಿತ್ತು.

"ನೋವು ಗೊತ್ತಾಗಲಿಲ್ವಾ ಅತ್ತೆ?" ಅಂದೆ.

"ಎಂತ ನೋವು? ನಂಗೆ ಎಂತದೂ ಆಗಲಿಲ್ಲ," ಅಂದಳು ಅವಳು, ಒಳ್ಳೆಯ ಸುದ್ದಿ ಹೇಳುವವಳಂತೆ.

ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋಗಿದೆ, ಹೀಗೇ ಬಿಟ್ಟರೆ ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು. ಮೆತ್ತನೆಯ ರಬ್ಬರಿನ ಒಂದು ಜೊತೆ ಕಪ್ಪು ಚಪ್ಪಲಿಯನ್ನೂ ಕೊಡಿಸಿದರು. ಹಿಮ್ಮಡಿಯ ಹಿಂದೆ ಪಟ್ಟಿ, ಮುಂದೆ ಎರಡು ಅಗಲ ಪಟ್ಟಿ. ಗಾಯ ಮಾಯ್ದ ಮೇಲೆ ಅತ್ತೆ ಗೊಣಗುತ್ತಲೇ ಅದನ್ನು ಮೆಟ್ಟಿಕೊಂಡು ಪೇಟೆಗೆ ಹೋದಳು. ಪಕ್ಕದ ಬುಟ್ಟಿಯವಳು ಚಪ್ಪಲಿ ನೋಡಿ, ದನಿ ತಗ್ಗಿಸಿ ಕೇಳಿದಳಂತೆ, "ಅದು ದೊಡ್ಡ ರೋಗದವರಿಗೆ ಕೊಡುದಲ್ದನೆ?" ಕುಷ್ಠದ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ದನಿ ತಗ್ಗಿದ್ದರೂ ಮಾತು ಹೋಗಬೇಕಾದಲ್ಲೆಲ್ಲ ಹೋಯಿತು. ವರ್ಷಗಳಿಂದ ಅವಳಲ್ಲೇ ಬಂಗಡೆ ಒಯ್ಯುತ್ತಿದ್ದವರು ಆಚೆ ಬುಟ್ಟಿಗೆ ತಿರುಗಿದರು. ಸಂಜೆ ಅತ್ತೆ ಅರ್ಧ ಬುಟ್ಟಿ ಮೀನು ವಾಪಸ್ಸು ತಂದು, ಚಪ್ಪಲಿಯನ್ನು ಕಟ್ಟಿಗೆ ರಾಶಿಯ ಹಿಂದಕ್ಕೆ ಎಸೆದಳು. ಮರುದಿನದಿಂದ ಮತ್ತೆ ಬರಿಗಾಲು. ಅಪ್ಪ ಬೈದರು, ಅಮ್ಮ ಅತ್ತಳು. ಅವಳು ಜಗ್ಗಲಿಲ್ಲ.

ನಾನು ಆ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಕಾಕಾನ ಮುಂದೆ ಇಟ್ಟೆ. ಅತ್ತೆಯ ಕಾಲಿನ ಸಂಗತಿ, ಪೇಟೆಯ ಮಾತು ಎಲ್ಲ ಹೇಳಿ, ಇದರ ಮೇಲೆ ಬೇರೆ ಏನಾದರೂ ಹೊಲಿದು ರೂಪ ಬದಲಿಸಲು ಬರುತ್ತದೆಯೇ ಎಂದು ಕೇಳಿದೆ. ಕಾಕಾ ಅದನ್ನು ಎತ್ತಿ, ಮಗುಚಿ, ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಅದು ಮೆಲ್ಲಗೆ ಮೇಲೇಳುವುದನ್ನು ನೋಡಿದರು.

"ಇದನ್ನ ಕೆಡಸೂದು ಬ್ಯಾಡವಾ," ಅಂದರು. "ಹೊಸಾದ ಮಾಡೂಣು. ಅಕ್ಕಾರನ್ನ ಕರಕೊಂಡ ಬಾ. ಕಾಲು ನೋಡದ ನಾ ಮಾಡಂಗಿಲ್ಲ."

ಅತ್ತೆಯನ್ನು ಅಲ್ಲಿಗೆ ಕರೆತರಲು ಎಷ್ಟು ಸುಳ್ಳು ಹೇಳಿದೆನೋ… ಬಸ್ ಸ್ಟ್ಯಾಂಡು ಮುಟ್ಟಿ, ಕಾಕಾನ ಮುಂದೆ ಹರಡಿದ ರಟ್ಟು ಕಂಡ ಕೂಡಲೇ ಅವಳಿಗೆ ಅರ್ಥವಾಯಿತು. ಹೊರಟೇಬಿಟ್ಟಳು.

"ಅಕ್ಕಾರ, ಕಾಲು ನೋಯೂದಿಲ್ಲಂದ್ರ ಅದು ಛಲೋ ಅಲ್ರಿ. ನೋವು ಇದ್ದಾವ ಜಾಗರೂಕ ಇರ್ತಾನ. ನಾವು ಕಣ್ಣಿಲೆ ನೋಡಿ ತಿಳಕೋಬೇಕು," ಅಂದರು ಕಾಕಾ.

ಅತ್ತೆ ತಿರುಗಿದಳು. "ನಿಮಗೆಂತ ಗೊತ್ತು? ಜನ ನೋಡಿ ಹಿಂದೆ ಸರಿದದ್ದು ನನ್ನನ್ನ. ನಿಮ್ಮನ್ನಲ್ಲ."

ಕಾಕಾ ರಸ್ತೆಯತ್ತ ನೋಡಿದರು. ಕುಮಟಾ ಕಡೆಯ ಬಸ್ಸು ನಿಂತು, ಜನ ಇಳಿದು ಚದುರುವವರೆಗೂ ಕಾದರು. ಆಮೇಲೆ ಕಾಲ ಮೇಲಿನ ಗೋಣಿಯನ್ನು ತುಸು ಸರಿಸಿದರು. ಕಂದು ಬಣ್ಣದ ಚಪ್ಪಲಿ. ಮೇಲಿನಿಂದ ಯಾವ ಅಂಗಡಿಯದ್ದಾದರೂ ಆಗಬಹುದಿತ್ತು. ಅದರೊಳಗೆ ಅದೇ ಮೆತ್ತನೆಯ ಕಪ್ಪು ರಬ್ಬರು. ಪಾದದ ಬೆರಳುಗಳು ಮೋಟಾಗಿದ್ದವು.

"ಸಣ್ಣಾವ ಇದ್ದಾಗ ಬಂದಿತ್ತ್ರಿ ನನಗ. ಮಂದಿ ಅಂಜಿ ಸರದ್ರಲ್ಲಾ, ಅದs ರೋಗ," ಅಂದರು. "ಔಷಧ ತಗೊಂಡೆ, ಪೂರಾ ಗುಣ ಆತು. ಆ ದವಾಖಾನಿಯೊಳಗs ಈ ಚಪ್ಪಲಿ ಮಾಡೂದು ಕಲ್ತೆ. ಕಾಲಿಗೆ ಮಾತ್ರ ಇವತ್ತಿಗೂ ಏನೂ ತಿಳಿಯಂಗಿಲ್ಲ. ಈ ಊರಾಗ ಯಾರಿಗೂ ಹೇಳಿಲ್ಲ. ಹೇಳಿದ್ರ ನನ್ನ ಕೈಯಾಗ ಚಪ್ಪಲಿ ಯಾರು ಕೊಡ್ತಾರ?"

ಗೋಣಿ ಮತ್ತೆ ಕಾಲ ಮೇಲೆ ಬಂತು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಊರಿಗೆ ಹೇಳದ ಗುಟ್ಟನ್ನು ಅವರು ಅತ್ತೆಯ ಕೈಗೆ ಕೊಟ್ಟಿದ್ದರು. ಅವಳು ಮೀನು ಮಾರುವವಳು. ಸಂಜೆಯೊಳಗೆ ಸುದ್ದಿ ಊರು ಸುತ್ತಿಸಬಲ್ಲವಳು.

ಅತ್ತೆ ಸೆರಗು ಒಟ್ಟುಮಾಡಿಕೊಂಡು ರಟ್ಟಿನ ಮೇಲೆ ಕಾಲಿಟ್ಟಳು. ನಿಂತೇ ಇರಬೇಕು, ಭಾರ ಬಿದ್ದಾಗ ಪಾದ ಅಗಲವಾಗುತ್ತದೆ ಎಂದು ಹೇಳಿ ಕಾಕಾ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಗೆರೆ ಮುಗಿದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು.

"ನಿಮಗೆ ಅಡುಗೆ ಯಾರು ಮಾಡ್ತಾರೆ?"

"ನಾನs ರಿ," ಅಂದರು ಕಾಕಾ.

ಮನೆಗೆ ಬರುವಾಗ ದಾರಿಯಲ್ಲಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ಅಲ್ಲಿ ನೋಡಿದ್ದು ಅಲ್ಲೇ ಬಿಡು ಮಗಾ. ನಿನ್ನಪ್ಪನ ಹತ್ತಿರವೂ ಬ್ಯಾಡ."

ಚಪ್ಪಲಿ ಸಿದ್ಧವಾಯಿತು. ಕೆಳಗೆ ಟಾಯರಿನ ಗಟ್ಟಿ ಪದರ, ನಡುವೆ ಮೆತ್ತನೆಯ ರಬ್ಬರು, ಅದರ ಅಂಚು ಕಾಣದಂತೆ ಸುತ್ತಲೂ ಒಂದು ಪಟ್ಟಿ. ಮೀನುಪೇಟೆಯ ಉಪ್ಪುನೀರಿಗೆ ಚರ್ಮ ಬಿರಿಯುತ್ತದೆಂದು ಮೇಲೆ ಕೆಂಪು ರೆಕ್ಸಿನ್ ಹಾಕಿ, ಒಳಗೆ ಮಾತ್ರ ಮೆದು ಚರ್ಮದ ಅಸ್ತರು ಕೊಟ್ಟಿದ್ದರು. ಇಡೀ ಚಪ್ಪಲಿಯಲ್ಲಿ ಒಂದೂ ಮೊಳೆ ಇರಲಿಲ್ಲ. ಅಟ್ಟೆ ಸವೆದ ಮೇಲೆ ಮೊಳೆ ಮೇಲೆ ಬಂದು ಚುಚ್ಚಿದರೆ ಈ ಕಾಲಿಗೆ ತಿಳಿಯುವುದಿಲ್ಲವಲ್ಲ. ಎಲ್ಲವೂ ಅಂಟು ಮತ್ತು ಆ ಎರಡು ಸೂಜಿಯ ಹೊಲಿಗೆ. ಮೆಟ್ಟುವ ಮೊದಲು ಕೈ ಒಳಗೆ ಹಾಕಿ ತಡವಿ ನೋಡಬೇಕು, ಸಂಜೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಬೇಕು ಎಂದು ಕಾಕಾ ಮತ್ತೆ ಮತ್ತೆ ಹೇಳಿದರು. ಸೊಸೆಯ ಮೇಲೆ ಅತ್ತೆ ಕಣ್ಣಿಡುವ ಹಾಗೆ ಅವಳು ತನ್ನ ಅಂಗಾಲಿನ ಮೇಲೆ ಕಣ್ಣಿಡತೊಡಗಿದಳು.

ಪೇಟೆಯಲ್ಲಿ ಆದದ್ದೇ ಬೇರೆ. ಅಂದು ದನಿ ತಗ್ಗಿಸಿ ಕೇಳಿದ್ದ ಪಕ್ಕದ ಬುಟ್ಟಿಯವಳು, "ಎಷ್ಟ್ ಚಂದ ಕಾಣ್ತದೆ, ಎಲ್ಲಿ ತಕಂಡೆ?" ಎಂದು ಕೇಳಿ, ಮರುವಾರವೇ ಕಾಕಾನ ಮುಂದೆ ಹೋಗಿ ನಿಂತಳು. ಅವಳಿಗೂ ಅದೇ ರಬ್ಬರು, ಹಸಿರು ರೆಕ್ಸಿನ್. ದಿನವಿಡೀ ಸಿಮೆಂಟಿನ ಮೇಲೆ ನಿಂತರೂ ಹಿಮ್ಮಡಿ ನೋಯುವುದಿಲ್ಲ ಎಂದು ಅವಳೇ ಊರಿಗೆಲ್ಲ ಸಾರಿದಳು. ಮೀನು ಮಾರುವ ಹೆಂಗಸರು ಒಬ್ಬೊಬ್ಬರಾಗಿ ಬಣ್ಣ ಆರಿಸಿಕೊಂಡು ಬಂದರು. ಕಾಕಾ ಮುಖದಲ್ಲಿ ಏನೂ ತೋರಿಸದೆ ಎಲ್ಲರ ಪಾದಕ್ಕೂ ಗೆರೆ ಎಳೆದರು. ಅತ್ತೆ ಮಾತ್ರ, ಪಕ್ಕದ ಬುಟ್ಟಿಯವಳು ಹಸಿರು ಚಪ್ಪಲಿ ಮೆಟ್ಟಿ ಬಂದ ದಿನ, ಮನೆಯವರೆಗೂ ನಗುತ್ತಲೇ ಬಂದಳು. ಯಾಕೆ ನಗುತ್ತಿದ್ದಾಳೆಂದು ಅಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಪೇಟೆ ಮುಗಿಸಿ ಬರುವಾಗ ಅವಳು ಕಾಕಾನ ಬಳಿ ಒಂದು ಡಬ್ಬಿ ಇಟ್ಟು ಬರುತ್ತಿದ್ದಳು. ರೊಟ್ಟಿ ತಿಂದು ಬೆಳೆದ ಅವರಿಗೆ ತಾರ್ಲೆ ಮೀನಿನ ಮುಳ್ಳೆಂದರೆ ಹೆದರಿಕೆ. "ಮೆತ್ತಗೆ ಅಗಿರಿ, ಯಾರೂ ಕಸಿದುಕೊಳ್ಳುದಿಲ್ಲ," ಎಂದು ಅವಳು ಎದುರಿಗೆ ಕೂತು ಬಿಡಿಸಿ ಕೊಡುತ್ತಿದ್ದುದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದ್ದೇನೆ…

ಹೆದ್ದಾರಿ ಅಗಲವಾಗುವಾಗ ತಗಡಿನ ಮಾಡು ಹೋಯಿತು. ಕಾಕಾ ಸ್ವಲ್ಪ ದಿನ ಗೋಡೆಯ ನೆರಳಿನಲ್ಲಿ ಕೂತರು. ಕೈ ನಡುಗುತ್ತಿತ್ತು. ಮಳೆಗಾಲ ಹಿಡಿಯುವ ಮೊದಲು ಅತ್ತೆಗೆ ಎರಡು ಜೊತೆ ಒಟ್ಟಿಗೆ ಮಾಡಿಕೊಟ್ಟು, ಊರಿಗೆ ಹೋಗಿ ಬರುತ್ತೇನೆ ಎಂದರು. ಬರಲಿಲ್ಲ. ತೀರಿಹೋದ ಸುದ್ದಿಯನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರೊಬ್ಬರು ಚಾ ಅಂಗಡಿಯಲ್ಲಿ ಹೇಳಿದರಂತೆ. ಅತ್ತೆ ಅವತ್ತು ಮೀನು ಮಾರಿ ಬಂದು, ಊಟ ಬೇಡವೆಂದು ಹಿತ್ತಲಲ್ಲಿ ಕೂತಳು. ಅಪ್ಪ ಕೇಳಿದ್ದಕ್ಕೆ, "ನನ್ನವರೊಬ್ಬರು ಹೋದರು," ಅಂದಳು, ಅಷ್ಟೇ. ಅವರ ಗುಟ್ಟು ಅವಳ ಬಾಯಿಂದ ಇವತ್ತಿಗೂ ಹೊರಬಿದ್ದಿಲ್ಲ. ನಾನೇ ಈಗ ಬರೆಯುತ್ತಿದ್ದೇನೆ. ಬರೆಯಲೇ ಎಂದು ಅವಳನ್ನು ಕೇಳಿದೆ. "ಈಗ ಯಾರು ಎಂತ ಮಾಡುಕೆ ಆಗ್ತದೆ ಅವರಿಗೆ? ಬರಿ," ಅಂದಳು.

ಕುಮಟಾದ ಆ ಅಂಗಡಿಗೆ ನಾನು ಹೋದದ್ದು ಅವಳಿಗಾಗಿಯೇ. ಸಕ್ಕರೆ ಕಾಯಿಲೆಯವರ ಚಪ್ಪಲಿ ಎಂದು ಈಗ ಗಾಜಿನ ಕಪಾಟಿನಲ್ಲೇ ಇಡುತ್ತಾರೆ, ಕೊಳ್ಳಲು ಯಾರೂ ನಾಚುವುದಿಲ್ಲ. ಅತ್ತೆ ಪೇಟೆ ಬಿಟ್ಟು ವರ್ಷಗಳಾದವು, ಅಂಗಳದಲ್ಲಿ ಕೋಲು ಹಿಡಿದು ತಿರುಗುತ್ತಾಳೆ, ಎರಡೂ ಕಾಲ ಮೇಲೆ. ಹೊಸ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ಕೂತಳು. ಬಿಚ್ಚಿ ನೋಡಿದರೆ ಕಿರುಬೆರಳಿನ ಪಕ್ಕ ಚರ್ಮ ಕೆಂಪಾಗಿತ್ತು.

"ಇಲ್ಲಿ ಒಂಚೂರು ಸಡಿಲ ಮಾಡಿಸ್ಕಂಡು ಬಾ," ಎಂದು ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಅವಳಿಗೂ ನೆನಪಾಯಿತು, ಕಾಕಾ ಇಲ್ಲವೆಂದು. ಕೈ ಚಾಚಿ ಚಪ್ಪಲಿಯನ್ನು ವಾಪಸ್ಸು ತೆಗೆದುಕೊಂಡು, ಒಳಗೆ ಕೈ ಹಾಕಿ ತಡವಿ ನೋಡತೊಡಗಿದಳು.