ಅವ್ವನ ಕಿವಿಯ ವೈರು

ಮೊಳಕಾಲ್ಮೂರಿನ ನಮ್ಮ ತವರುಮನೆಯಲ್ಲಿ ಎಲ್ಲರ ದನಿಯೂ ದೊಡ್ಡದು. ನಡುಮನೆಯಲ್ಲಿ ಮಗ್ಗ ಆಡುತ್ತಿರುವಾಗ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಹಾಸ್ಟೆಲ್ಲಿದ್ದ ಕಾನ್ವೆಂಟಿಗೆ ನನ್ನನ್ನು ಸೇರಿಸಿದಾಗ ಸಿಸ್ಟರುಗಳು ಮೊದಲು ತಿದ್ದಿದ್ದು ನನ್ನ ಇಂಗ್ಲಿಷನ್ನಲ್ಲ, ದನಿಯನ್ನು. ಮದುವೆಯಾಗಿ ಚಳ್ಳಕೆರೆಗೆ ಬರುವ ಹೊತ್ತಿಗೆ ನಾನು ಎಷ್ಟು ತಗ್ಗಿಸಿ ಮಾತಾಡುತ್ತಿದ್ದೆನೆಂದರೆ, ತವರಿಗೆ ಹೋದಾಗ ಅವ್ವ, "ಬಾಯಾಗೆ ಏನು ಇಟ್ಕಂಡಿದೀಯೇ? ಉಗುಳಿ ಮಾತಾಡು" ಎನ್ನುತ್ತಿದ್ದಳು.

ಹೀಗಾಗಿ ಅವ್ವನ ಕಿವಿ ಮಂದವಾದದ್ದು ಎಷ್ಟೋ ಕಾಲ ಯಾರ ಗಮನಕ್ಕೂ ಬರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತೇ ವಯಸ್ಸು ಕಳೆದವಳು. ಸಂಜೆ ಮಗ್ಗ ನಿಂತ ಮೇಲೂ ಅವ್ವನ ಜೊತೆ ನಾವು ಕೂಗಿಕೊಂಡೇ ಮಾತಾಡುತ್ತೇವೆಂದು ತಿಳಿದಾಗ ಅಣ್ಣ ಒಂದು ಕಿವಿಯ ಮಿಷನ್ ತಂದುಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ, ಕೆನೆಬಣ್ಣದ ಪೆಟ್ಟಿಗೆ. ಅದರಿಂದ ಕಿವಿಗೊಂದು ವೈರು. ಪಕ್ಕದಲ್ಲಿ ದನಿ ಏರಿಸುವ, ಇಳಿಸುವ ಪುಟ್ಟ ಚಕ್ರ. ಹಿಂದೆ ಮುಚ್ಚಳ, ಅದರೊಳಗೆ ಪೆನ್ಸಿಲ್ ಸೆಲ್ಲು. ಸೀರೆಯ ಉಳಿಕೆ ತುಂಡಿನಲ್ಲಿ ಅವ್ವ ಅದಕ್ಕೊಂದು ಚೀಲ ಹೊಲಿದು ಕೊರಳಿಗೆ ಹಾಕಿಕೊಂಡಳು. ಸೆಲ್ಲು ಇಳಿದರೆ ಬೀದಿ ಕೊನೆಯ ಕಿರಾಣಿ ಅಂಗಡಿಗೆ ತಾನೇ ಹೋಗಿ ತರುವಳು. ಹಳೆಯ ಸೆಲ್ಲನ್ನು ಕಿಟಕಿಯ ಬಿಸಿಲಿಗಿಟ್ಟು ಇನ್ನೊಂದು ದಿನ ದುಡಿಸುವಳು. ಅತ್ತಿಗೆಯ ದೂರು ಉದ್ದವಾದರೆ ಬೆರಳು ಚೀಲದೊಳಗೆ ಹೋಗುತ್ತಿತ್ತು. ಚಕ್ರ ತಿರುಗಿತೆಂದರೆ ಆವತ್ತಿನ ಮಾತು ಮುಗಿಯಿತು. ನಾವು ನಗುತ್ತಿದ್ದೆವು. ಆ ವೈರು ಕಂಡವರು ಯಾರಾದರೂ ಸರಿ, ತಾವಾಗಿಯೇ ಅವಳ ಕಡೆ ತಿರುಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಅದರ ಬೆಲೆ ಆಗ ನನಗೆ ತಿಳಿದಿರಲಿಲ್ಲ.

ಅಣ್ಣನ ಮಗಳಿಗೆ ಗಂಡು ಗೊತ್ತು ಮಾಡುವ ಮಾತು ಬಂದಾಗ ಆ ವೈರೇ ಎಲ್ಲರ ಕಣ್ಣಿಗೆ ಚುಚ್ಚತೊಡಗಿತು.

"ಗಂಡಿನ ಕಡೇರು ನೋಡಿದ್ರೆ ಏನಂತಾರೆ? ಕಿವುಡು ಈ ಮನೆತನದಾಗೇ ಐತೆ, ನಾಳೆ ಹುಟ್ಟೋ ಕೂಸಿಗೂ ಬರುತ್ತೆ ಅಂತಾರೆ" ಎಂದಳು ಅತ್ತಿಗೆ.

"ಮಗ್ಗದಿಂದ ಬಂದಿದ್ದು ಅಂತ ಹೇಳು. ಆ ಮಗ್ಗದ ಸೀರೇನೇ ಉಟ್ಕಂಡು ಬಂದಿರ್ತಾರಲ್ಲ, ಅವ್ರಿಗೆ ತಿಳೀತೈತೆ" ಎಂದಳು ಅವ್ವ.

ಯಾರೂ ಕೇಳಲಿಲ್ಲ. ದಾವಣಗೆರೆಯ ಒಂದು ಅಂಗಡಿಗೆ ಅವ್ವನನ್ನು ಕರೆದೊಯ್ದೆವು. ಎಸಿಯ ತಣ್ಣಗಿನ ಕೋಣೆಯಲ್ಲಿ, ನೀಲಿ ಕೋಟಿನ ಹುಡುಗಿಯೊಬ್ಬಳು ಅಂಗೈ ತೆರೆದು ತೋರಿಸಿದಳು. ಚರ್ಮದ ಬಣ್ಣದ, ಶೇಂಗಾಬೀಜದಷ್ಟು ದಪ್ಪದ ಎರಡು ಸಾಮಾನು. "ಹಾಕ್ಕೊಂಡ್ರೆ ಹಾಕ್ಕೊಂಡಿದ್ದೇ ಗೊತ್ತಾಗಲ್ಲ ಅಜ್ಜಿ" ಎಂದಳು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಕೆಂದಾಗ ಅವ್ವ, "ಅದು ಇನ್ನೂ ಚೆನ್ನಾಗೈತಲ್ಲ" ಎಂದು ನನ್ನ ಮುಖ ನೋಡಿದಳು. ಪೆಟ್ಟಿಗೆ ಮೇಜಿನ ಕೆಳಗಿನ ರಟ್ಟಿನ ಡಬ್ಬಿಗೆ ಬಿತ್ತು. ಚೀಲವನ್ನು ಮಾತ್ರ ಅವ್ವ ಕೊಡಲಿಲ್ಲ.

ಹೆಣ್ಣು ನೋಡುವ ದಿನ ಎಲ್ಲವೂ ಅಂದುಕೊಂಡಂತೆಯೇ ಆಯಿತು. ಗಂಡಿನವರು ರಾಯದುರ್ಗದ ಕಡೆಯವರು. ಹುಡುಗನ ತಾಯಿ ಚಾಪೆಯ ಮೇಲೆ ಕೂರುತ್ತಾ, ಮೆಲ್ಲಗೆ ತೆಲುಗಿನಲ್ಲಿ, "ಬಾಗುನ್ನಾರಾ ಅಮ್ಮಾ?" ಎಂದು ಕ್ಷೇಮ ಕೇಳಿದರು. ಅವ್ವ ತಟ್ಟನೆ, "ಬಾಗುನ್ನಾಮು ತಲ್ಲೀ, ಕೂಚೋಂಡಿ" ಎಂದು ಕೂರಲು ಹೇಳಿದಳು. ಅತ್ತಿಗೆಯ ಮುಖ ಅರಳಿತು. ಅಣ್ಣನ ಮಗಳು ಬಿ.ಎಡ್. ಓದುತ್ತಿದ್ದಳು. "ಓದು ಮುಗಿಸ್ಲಿ, ನಮ್ದೇನೂ ಅಡ್ಡಿ ಇಲ್ಲ" ಎಂದೂ ಅವರು ಹೇಳಿದರು. ಮದುವೆ ನಡೆದುಹೋಯಿತು.

ಆ ಮೇಲೆ ಆ ಶೇಂಗಾಬೀಜಗಳ ಗುಣ ಒಂದೊಂದಾಗಿ ಹೊರಬಿತ್ತು. ಅದರಲ್ಲಿ ಚಕ್ರವಿಲ್ಲ. ದನಿ ಏರಿಸಲು ಬೆರಳಿನಿಂದ ಸವರಬೇಕು. ರೇಷ್ಮೆ ಎಳೆ ಹಿಡಿದು ಹಿಡಿದು ನುಣ್ಣಗಾದ ಅವ್ವನ ಬೆರಳನ್ನು ರೇಷನ್ ಅಂಗಡಿಯ ಬೆರಳಚ್ಚಿನ ಮಿಷನ್ನೇ ಗುರುತಿಸುವುದಿಲ್ಲ, ಇದು ಗುರುತಿಸೀತೇ? ಇಲ್ಲವಾದರೆ ಮೊಬೈಲಿನ ಆ್ಯಪ್‌ನಲ್ಲಿ ಏರಿಸಬೇಕು. ಆ್ಯಪ್ ಇದ್ದದ್ದು ಅಣ್ಣನ ಮೊಬೈಲಿನಲ್ಲಿ. ಅವನು ಸೀರೆ ಗಂಟು ಹೊತ್ತು ಬಳ್ಳಾರಿಗೆ ಹೊರಟನೆಂದರೆ ಅವ್ವನ ದನಿಯ ಚಕ್ರವೂ ಅವನ ಜೇಬಿನಲ್ಲಿ ಬಳ್ಳಾರಿಗೆ ಹೋಗುತ್ತಿತ್ತು. ದಿನವೂ ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡಬೇಕು. ಕರೆಂಟು ಕೈಕೊಟ್ಟರೆ ಮರುದಿನ ಕಿವಿಯೂ ಇಲ್ಲ. ವಾರಂಟಿ ಮುಗಿದ ಸ್ವಲ್ಪ ಕಾಲಕ್ಕೆ, ರಾತ್ರಿಯೆಲ್ಲ ಚಾರ್ಜಿಗಿಟ್ಟರೂ ಬೆಳಗಿನ ತಿಂಡಿಯ ಹೊತ್ತಿಗೆಲ್ಲ ಅದು ಸತ್ತುಹೋಗತೊಡಗಿತು.

ಮತ್ತೆ ಅದೇ ತಣ್ಣನೆಯ ಕೋಣೆ. "ಬ್ಯಾಟರಿ ಹೋಗಿದೆ ಆಂಟಿ" ಎಂದಳು ಆ ನೀಲಿ ಕೋಟಿನ ಹುಡುಗಿ.

"ಬೇರೆ ಹಾಕಿಕೊಡಿ."

"ತೆಗೆಯೋಕೆ ಬರಲ್ಲ. ಒಳಗೇ ಸೀಲ್ ಮಾಡಿರ್ತಾರೆ, ಅದಕ್ಕೇ ಇಷ್ಟು ಸ್ಲಿಮ್ ಇರೋದು. ಈ ಮಾಡೆಲ್ಲೂ ಈಗ ನಿಲ್ಸಿದಾರೆ. ಹೊಸದು ಬಂದಿದೆ, ಇದಕ್ಕಿಂತ ಸಣ್ಣ."

ಅವ್ವನಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಕನ್ನಡಕ ಏರಿಸಿ, ಆ ಸಾಮಾನನ್ನು ಬೆಳಕಿಗೆ ಹಿಡಿದು, ಸುತ್ತಲೂ ಉಗುರಾಡಿಸುತ್ತಾ ಮುಚ್ಚಳ ಹುಡುಕುತ್ತಿದ್ದಳು. ಕೊನೆಗೆ ಇಡೀ ಅಂಗಡಿಗೆ ಕೇಳುವಂತೆ, "ಬಾಗಿಲೇ ಇಟ್ಟಿಲ್ಲ ಕಣೇ ಇದಕ್ಕೆ!" ಎಂದಳು.

ನನಗೆ ಆಗ ನೆನಪಾದದ್ದು ಕಾನ್ವೆಂಟಿನ ಹೊಲಿಗೆ ಸಿಸ್ಟರು. ವರ್ಷದ ಮೊದಲ ವಾರ ಅವರು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಯೂನಿಫಾರ್ಮಿನ ಅಂಚನ್ನೂ ಮಗುಚಿ ನೋಡುತ್ತಿದ್ದರು. ಲಂಗದ ಕೆಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಮಡಿಚಿ ಬಿಟ್ಟಿರಬೇಕು, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು ಬರಬೇಕು. ಅದು ಶಾಲೆಯ ನಿಯಮ. ಬಿಡದೆ ಹೊಲಿದಿದ್ದರೆ ಲಂಗ ಎಷ್ಟು ಅಂದವಾಗಿ ಕೂತಿದ್ದರೂ ದರ್ಜಿಗೇ ವಾಪಸ್ಸು ಹೋಗುತ್ತಿತ್ತು. ಮಡಿಕೆಯಿಂದ ಲಂಗ ಬುಟ್ಟಿಯಂತೆ ಕಾಣುತ್ತದೆ ಎಂದು ನಾವು ಅಳುತ್ತಿದ್ದೆವು. ಸಿಸ್ಟರು ಕರಗುತ್ತಿರಲಿಲ್ಲ. ಆ ನಿಯಮವಿದ್ದ ಕಾರಣಕ್ಕೇ ಊರಿನ ದರ್ಜಿಗಳೆಲ್ಲ ಹೇಳಿಸಿಕೊಳ್ಳದೆ ಬಟ್ಟೆ ಬಿಡುತ್ತಿದ್ದರು.

ಹೊಸದನ್ನು ಕೊಳ್ಳಲು ಅವ್ವ ಒಪ್ಪಲಿಲ್ಲ. ಚಳ್ಳಕೆರೆಯ ಮೆಡಿಕಲ್ ಶಾಪಿನಲ್ಲಿ ಹಳೆಯ ಪೆಟ್ಟಿಗೆಯಂಥದ್ದೇ ಒಂದು ಸಿಕ್ಕಿತು. ಆಟದ ಸಾಮಾನಿನಷ್ಟು ಹಗುರ. ಫ್ಯಾನಿನ ಸದ್ದು, ಪಾತ್ರೆಯ ಸದ್ದು ಎಲ್ಲವನ್ನೂ ಎತ್ತಿ ಕಿವಿಗೆ ಹಾಕಿ, ಮಾತನ್ನು ಮಾತ್ರ ಬಿಟ್ಟುಬಿಡುತ್ತಿತ್ತು. ಚೆನ್ನಾಗಿ ಮಾಡಬಲ್ಲವರು ಮುಚ್ಚಳವಿಡುವುದಿಲ್ಲ, ಮುಚ್ಚಳವಿಡುವವರು ಚೆನ್ನಾಗಿ ಮಾಡುವುದಿಲ್ಲ. ಕೊನೆಗೆ ಅವ್ವ ಅರ್ಧ ಸತ್ತ ಆ ಬೀಜಗಳನ್ನೇ ಕಿವಿಯಲ್ಲಿಟ್ಟುಕೊಂಡು ಇದ್ದುಬಿಟ್ಟಳು. "ಬೀಗರ ಮುಂದೆ ಇದನ್ನೆಲ್ಲ ಆಡ್ಬೇಡಿ" ಎಂದು ಅತ್ತಿಗೆ ಎಲ್ಲರಿಗೂ ಹೇಳಿದ್ದಳು. ಹಾಗಾಗಿ ಗಂಡನ ಮನೆಯಲ್ಲಿದ್ದ ಅಣ್ಣನ ಮಗಳಿಗೂ ಯಾರೂ ಹೇಳಲಿಲ್ಲ. ವೈರಿಲ್ಲದ್ದರಿಂದ ಬೀದಿಯವರೂ ದನಿ ಏರಿಸಲಿಲ್ಲ. ಕರೆದರೆ ತಿರುಗದ ಅವ್ವನನ್ನು ನೋಡಿ, "ಮೊಮ್ಮಗಳನ್ನ ದೊಡ್ಡ ಮನೆಗೆ ಕೊಟ್ಟ ಮೇಲೆ ಸೊಕ್ಕು ಬಂದೈತೆ" ಎಂದು ಆಡಿಕೊಂಡರು.

ಯುಗಾದಿಗೆ ಅಣ್ಣನ ಮಗಳು ತವರಿಗೆ ಬಂದಿದ್ದಳು. ನಾನೂ ಹೋಗಿದ್ದೆ. ಊಟವಾದ ಮೇಲೆ ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ಸೆರಗಿನ ಕುಚ್ಚು ಹಿಡಿದು ಬಹಳ ಹೊತ್ತು ಏನೋ ಹೇಳುತ್ತಿದ್ದಳು. ಅವ್ವ ಅವಳ ತಲೆ ಸವರಿ ನಗುನಗುತ್ತಾ, "ಆಗ್ಲವ್ವಾ, ಹೋಗ್ಬಾ" ಎಂದದ್ದು ಒಳಗಿದ್ದ ನನಗೂ ಕೇಳಿಸಿತು. ಅಜ್ಜಿ ಮೊಮ್ಮಗಳ ಅಕ್ಕರೆಯ ಮಾತು ಎಂದುಕೊಂಡೆ. ಸಂಜೆಯ ಬಸ್ಸಿಗೆ ಹುಡುಗಿ ಹೊರಟುಹೋದಳು.

ಬಿ.ಎಡ್. ಪರೀಕ್ಷೆ ಹೇಗಾಯಿತೆಂದು ಕೇಳಲು ನಾನು ಅವಳಿಗೆ ಫೋನ್ ಮಾಡಿದಾಗ, "ಬರೀಲಿಲ್ಲ ಅತ್ತೆ" ಎಂದಳು.

"ಯಾಕೆ?"

"ನಮ್ಮತ್ತೇರಿಗೆ ಮಂಡಿ ಆಪರೇಷನ್ನು, ಮುಂದಿನ ವರ್ಷ ಬರಿ ಅಂದ್ರು. ಯುಗಾದಿ ದಿನ ನಾನು ಅಜ್ಜಿಗೆ ಎಲ್ಲಾ ಹೇಳಿದ್ನಲ್ಲ. ಪರೀಕ್ಷೆ ಮುಗಿಯೋಗಂಟ ಇಲ್ಲೇ ಇರ್ತೀನಿ, ಅಪ್ಪ ನಿನ್ ಮಾತು ಮೀರಲ್ಲ, ನೀನೇ ಹೇಳು ಅಂತ ಕಾಲು ಹಿಡಿಯೋದೊಂದು ಬಾಕಿ. ಹೋಗ್ಬಾ ಅಂದ್ಲು. ಅಜ್ಜೀನೇ ಹಂಗಂದ ಮೇಲೆ ಇನ್ಯಾರಿಗೆ ಹೇಳ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನವೇ ಮೊಳಕಾಲ್ಮೂರಿಗೆ ಹೋಗಿ, ಮಗ್ಗ ನಿಲ್ಲಿಸಲು ಹೇಳಿ, ಅವ್ವನಿಗೆ ಕೂಗಿ ಕೂಗಿ ಹೇಳಿದೆ. ಅವ್ವ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟಳು. "ಬಾಯಾಡಿಸ್ತಿದ್ಲು. ಹೊತ್ತಾಯ್ತು ಹೊರಡ್ತೀನಿ ಅಂತಾಳೆ ಅಂದ್ಕಂಡೆ" ಎಂದಳು. ಕಿವಿಯಲ್ಲಿದ್ದದ್ದನ್ನು ತೆಗೆದು ಅತ್ತಿಗೆಯ ಅಂಗೈಯಲ್ಲಿಟ್ಟಳು. "ತಗಳವ್ವಾ, ನಿನ್ ಬೀಗರ ಮರ್ಯಾದೆ."

ಮನೆಗೆ ಬಂದು ನನ್ನ ಗಂಡನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಸಾಮಾನು ಕೊಂಡವರೇ ಅದರ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಕಾನೂನು ಹೊರದೇಶಗಳಲ್ಲಿ ಬರುತ್ತಿದೆಯಂತೆ, ನಮ್ಮಲ್ಲಿ ಯಾಕಿರಬಾರದು ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ಇದಕ್ಕೂ ಒಂದು ಕಾನೂನಾ? ಬೇಡ ಅನ್ನೋರು ಕೊಳ್ಳದಿದ್ರಾಯ್ತು" ಎಂದರು.

"ಮುಚ್ಚಳ ಇರೋದು ಎಲ್ಲಿ ಸಿಗುತ್ತೆ ಹೇಳ್ರಿ, ಅದನ್ನೇ ಕೊಳ್ತೀನಿ" ಎಂದೆ. "ಗ್ಯಾಸಿನ ರೆಗ್ಯುಲೇಟರ್ ಈ ಮನೇದು ಆ ಮನೆ ಸಿಲಿಂಡರಿಗೂ ಕೂರುತ್ತೆ. ಮಾಡೋರ ಒಳ್ಳೇತನಕ್ಕೆ ಹಂಗಿದೆಯಾ?"

ಅವರು ಪೇಪರಿನ ಪುಟ ತಿರುಗಿಸಿದರು. ಮಿಷನ್ನನ್ನು ಸಣ್ಣದು ಮಾಡಬೇಡಿ ಎಂದು ನಾನೂ ಹೇಳುತ್ತಿಲ್ಲ. ಒಂದು ಮುಚ್ಚಳ, ಬೆರಳಿಗೆ ಸಿಗುವ ಒಂದು ಚಕ್ರ. ಅವನ್ನು ಬಿಡಲೇಬೇಕೆಂದು ಮೇಲಿನಿಂದ ಯಾರಾದರೂ ಅಂಚು ಮಗುಚಿ ನೋಡುವವರೆಗೆ ಅದನ್ನು ಮಾಡುವವರು ಬಿಡುವುದಿಲ್ಲ. ನಾಲ್ಕು ಬೆರಳಿನ ಬಟ್ಟೆ ಉಳಿಸಿದ ದರ್ಜಿಗೆ ಲಾಭ, ಮುಂದಿನ ವರ್ಷ ಹೊಸ ಲಂಗ ಹೊಲಿಸುವವರು ನಾವು.

ಹೋದ ತಿಂಗಳು ತವರಿಗೆ ಹೋದಾಗ ಅವ್ವನ ಕಿವಿಯಲ್ಲಿ ಮತ್ತೆ ವೈರು ಕಂಡು ಬೆರಗಾದೆ. ಕಪ್ಪು ವೈರು ಕಿವಿಯಿಂದಿಳಿದು ಕೊರಳ ಹಳೆಯ ಚೀಲದೊಳಗೆ ಹೋಗಿತ್ತು. ಚೀಲ ಮುಟ್ಟಿ ನೋಡಿದೆ. ಖಾಲಿ. ಅಣ್ಣನ ಇಯರ್‌ಫೋನಂತೆ. ಅವನ ಹೊಸ ತೆಳ್ಳನೆಯ ಮೊಬೈಲಿಗೆ ಅದನ್ನು ಚುಚ್ಚುವ ತೂತೇ ಇಲ್ಲದ್ದರಿಂದ ಮೊಳೆಗೆ ನೇತುಬಿದ್ದಿತ್ತಂತೆ.

"ನಾಚ್ಕೆ ಕಣವ್ವಾ, ನೋಡಿದೋರು ಏನಂದ್ಕಂತಾರೆ?" ಎಂದು ಅಣ್ಣ ಕೂಗಿ, ವೈರು ತೆಗೆಯುವಂತೆ ಸನ್ನೆ ಮಾಡಿದ.

"ಕಿವುಡಿ ಅಂದ್ಕಂತಾರೆ. ಹೌದಲ್ಲ?" ಎಂದಳು ಅವ್ವ.

ಅಷ್ಟರಲ್ಲಿ ಹಾಲಿನವಳು ಬಂದಳು. ವೈರು ನೋಡಿದವಳೇ ಅವ್ವನ ಮುಖದ ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ, "ನಾಳೆ, ಬರಲ್ಲ, ಅಜ್ಜೀ" ಎಂದಳು. ಅವ್ವ ತುಟಿ ನೋಡಿ, "ಆಗ್ಲಿ, ನಾಡಿದ್ದು ಬಾ" ಎಂದಳು.

ಆವತ್ತು ಅಣ್ಣನ ಮಗಳೂ ಬಂದಿದ್ದಳು, ಯುಗಾದಿಯ ನಂತರ ಮೊದಲ ಸಲ. ಹೊಸಿಲ ಬಳಿಯೇ ನಿಂತಿದ್ದಳು. ಅವ್ವ ಅವಳ ಕೈ ಹಿಡಿದು, ಮಗ್ಗದ ಮುಂದೆ, ಅಣ್ಣನ ಎದುರಿಗೇ ಕೂರಿಸಿದಳು. ವೈರನ್ನು ಸೆರಗಿನ ಮೇಲೆ ಕಾಣುವಂತೆ ಎಳೆದುಕೊಂಡಳು.

"ಆವತ್ತು ಹೇಳಿದ್ಯಲ್ಲ, ಅದನ್ನ ಈಗ ಹೇಳವ್ವಾ" ಎಂದಳು. "ಜೋರಾಗಿ ಹೇಳು. ನಿಮ್ಮಪ್ಪಗೂ ಕೇಳ್ಲಿ."