ಅಕ್ಕನ ಜೊತೆ ಒಂದು ಊಟ

ತುಮಕೂರಿನ ಉಪ್ಪಾರಹಳ್ಳಿಯ ಆ ಮನೆಯಲ್ಲಿ ಬಸವಲಿಂಗಮ್ಮ ಕೂತು ಉಂಡದ್ದನ್ನು ಯಾರೂ ಕಂಡಿರಲಿಲ್ಲ. ಮಾವ, ಗಂಡ ಚನ್ನವೀರಯ್ಯ, ಇಬ್ಬರು ಮೈದುನರು ಉಂಡೆದ್ದ ಮೇಲೆ ಅವಳು ಒಲೆಕಟ್ಟೆಗೆ ಒರಗಿ ನಿಂತು, ಪಾತ್ರೆಯಲ್ಲಿ ಉಳಿದ ಸಾರಿಗೇ ಮುದ್ದೆ ಅದ್ದಿ ನುಂಗಿ, ಹೆಬ್ಬೂರಿನ ಬಸ್ಸಿಗೆ ಓಡುತ್ತಿದ್ದಳು. ಅಲ್ಲಿನ ಸ್ಕೂಲಿನಲ್ಲಿ ಅವಳು ಟೀಚರು.

ಗುಬ್ಬಿಯ ತವರಿನಲ್ಲಿ ಹೀಗಿರಲಿಲ್ಲ. ತಾಯಿ ಮೊದಲ ಮುದ್ದೆಗಳನ್ನು ಹೆಣ್ಣುಮಕ್ಕಳಿಬ್ಬರಿಗೇ ಇಕ್ಕುತ್ತಿದ್ದಳು. "ಹೋದ ಮನೇಲಿ ನಿಮ್ಗೆ ಬಿಸೀದು ಯಾರ್ ಇಕ್ತಾರೆ? ಈಗ್ಲೇ ಉಣ್ಕಳಿ," ಎನ್ನುತ್ತಿದ್ದಳು. ಬಸವಲಿಂಗಮ್ಮ ಮತ್ತು ಅವಳ ಅಕ್ಕ ಸಿದ್ದಗಂಗಮ್ಮ ಒಂದೇ ತಟ್ಟೆಗೆ ಕೈಯಿಟ್ಟು, ಹರಟುತ್ತಾ, ಸಾರು ಆರುವವರೆಗೂ ಉಣ್ಣುತ್ತಿದ್ದರು. ಅಕ್ಕನನ್ನು ಕುಣಿಗಲ್ಲಿಗೆ, ತಂಗಿಯನ್ನು ತುಮಕೂರಿಗೆ ಕೊಟ್ಟ ಮೇಲೆ ಇಬ್ಬರೂ ಆಸೆಪಟ್ಟದ್ದು ಅಂಥದೇ ಒಂದು ಊಟಕ್ಕೆ.

೧೯೭೮ರ ಅವರೆಕಾಯಿ ಕಾಲದಲ್ಲಿ ಅಕ್ಕ ಚೀಲದ ತುಂಬ ಸೊಗಡವರೆ ಹೊತ್ತು ಬಂದಳು. ಶನಿವಾರ ಸಂಜೆ ಇಬ್ಬರೂ ಕಾಯಿ ಸುಲಿದು ಕಾಳು ನೆನೆಹಾಕಿದರು. ಭಾನುವಾರ ನಡುಮನೆಯಲ್ಲಿ ಕೂತು ಒಂದೊಂದೇ ಕಾಳನ್ನು ಬೆರಳ ಸಂದಿಯಲ್ಲಿ ಹಿತಕಿ ಸಿಪ್ಪೆ ಬಿಡಿಸಿದರು.

"ಇವತ್ತು ನಾವಿಬ್ರೂ ಕೂತೇ ಉಣ್ಣಾದು ಕಣೇ ಲಿಂಗಿ. ಎದ್ರೆ ಸೆರಗು ಹಿಡ್ದು ಕೂರುಸ್ತೀನಿ," ಎಂದಳು ಅಕ್ಕ.

"ಕೂರ್ತೀನಿ ಬುಡಕ್ಕ."

ಒಗ್ಗರಣೆಯ ಘಮಕ್ಕೆ ಚನ್ನವೀರಯ್ಯ ಅಡುಗೆಮನೆಗೆ ಇಣುಕಿದ. "ಹಿತಕಿದ ಬೇಳೆ ಸಾರು ನಿಧಾನಕ್ಕೆ ಕುದೀಬೇಕು, ಅವಸರ ಮಾಡ್ಬೇಡ. ನಮ್ಮಾಫೀಸಿನ ಗಂಗಣ್ಣ, ಅಡವಿಯಪ್ಪ ಬರ್ತಾವ್ರೆ. ಮನೆ ಊಟ ಅಂದ್ರೇನು ಅಂತ ಅವ್ರೂ ನೋಡ್ಲಿ."

"ಹಿತಕೋಕೂ ಕರೀಬೌದಿತ್ತಲ್ಲ ಚನ್ನವೀರಯ್ಯನೋರೇ, ಬೇಗ ಆಗ್ತಿತ್ತು," ಎಂದಳು ಅಕ್ಕ.

ಅವನು ನಕ್ಕು ಹೊರಟುಹೋದ. ಇವತ್ತು ಬೇಡ ಎಂದು ಬಸವಲಿಂಗಮ್ಮ ಹೇಳಬಹುದಿತ್ತು. ಹೇಳಲಿಲ್ಲ. ಬಂದವರು ತನ್ನ ಕೈರುಚಿ ಹೊಗಳಲಿ ಎಂದು ಅವಳಿಗೂ ಇತ್ತು.

ಹೊಗಳಿದರು. ಹೊಗಳುತ್ತಲೇ ಇನ್ನೊಂದು ಮುದ್ದೆ, ಇನ್ನೊಂದು ಸೌಟು ಸಾರು ಎಂದರು. ಅವಳು ಮತ್ತೆ ಎಸರಿಟ್ಟು ಹಿಟ್ಟು ತೊಳಸಿದಳು. ಅಕ್ಕ ಬಗ್ಗಿ ಬಗ್ಗಿ ಬಡಿಸಿದಳು. ಗಂಡಸರು ಎಲೆಯಡಿಕೆಗೆ ಕೈಹಾಕುವ ಹೊತ್ತಿಗೆ ಕುಣಿಗಲ್ ಬಸ್ಸಿನ ಸಮಯವಾಗಿತ್ತು.

ಡಬ್ಬಿಗೆ ಸಾರು ತುಂಬಿಕೊಡುತ್ತಾ ಬಸವಲಿಂಗಮ್ಮ, "ಇನ್ನೊಂದ್ಸಲ ಕೂರಣಕ್ಕ," ಎಂದಳು.

"ಉಣ್ಣಕ್ ಬಂದೋಳ್ನ ಬಡ್ಸಕ್ಕೆ ಇಟ್ಕಂಡೆ ನೋಡು," ಎಂದು ಅಕ್ಕ ನಗಲಿಕ್ಕೆ ನೋಡಿದಳು. ಆಗಲಿಲ್ಲ.

ಆ ಇನ್ನೊಂದು ಸಲ ಬರಲು ಹತ್ತು ವರ್ಷ ಹಿಡಿಯಿತು. ಹೆರಿಗೆ, ಮಾವನ ಕಾಯಿಲೆ, ಸಾವು, ಮೈದುನರ ಮದುವೆ, ಅವರು ಬೇರೆ ಮನೆ ಮಾಡಿದ್ದು. ಅಕ್ಕತಂಗಿಯರು ಸಿಕ್ಕಿದ್ದೆಲ್ಲ ಯಾರದೋ ಮನೆಯ ಕಾರ್ಯದಲ್ಲಿ, ಕೈಯಲ್ಲಿ ಸೌಟು ಹಿಡಿದೇ.

೧೯೮೮ರ ಅವರೆಕಾಯಿ ಕಾಲದ ಒಂದು ಭಾನುವಾರ ಗಂಡ, ಮಗ ಮದುವೆಗೆಂದು ಕೋರ ಗ್ರಾಮಕ್ಕೆ ಹೋದರು. ಅಕ್ಕ ಬಂದಳು. ಮನೆಯಲ್ಲಿ ಇಬ್ಬರೇ. ಮಧ್ಯಾಹ್ನದವರೆಗೂ ಹಿತಕಿದರು, ಸಾರು ಕುದಿಸಿದರು, ಎದುರುಬದುರು ತಟ್ಟೆಯಿಟ್ಟುಕೊಂಡು ಕೂತರು. ಅಕ್ಕ ಮುದ್ದೆಯ ಒಂದು ಚೂರು ಮುರಿದು ಕೈಯಲ್ಲೇ ಹಿಡಿದು, ಹಲ್ಲು ಬಿದ್ದ ತನ್ನ ಅತ್ತೆ ಹೇಗೆ ಬಯ್ಯುತ್ತಾರೆಂದು ಅಣಕಿಸಿ ತೋರಿಸತೊಡಗಿದಳು. ಬಸವಲಿಂಗಮ್ಮ ಬಿದ್ದುಬಿದ್ದು ನಕ್ಕಳು. ನಗುನಗುತ್ತಲೇ ಏಳಲು ನೆಲಕ್ಕೆ ಕೈಯೂರಿದಳು.

ಅಕ್ಕ ಮಾತು ನಿಲ್ಲಿಸಿ ಅವಳ ತಟ್ಟೆ ನೋಡಿದಳು. "ಆಗ್ಲೇ ಆಗೋಯ್ತೇನೇ?"

ಬಸವಲಿಂಗಮ್ಮನೂ ಆಗಲೇ ತಟ್ಟೆ ನೋಡಿಕೊಂಡದ್ದು. ಖಾಲಿಯಾಗಿತ್ತು. ಉಪ್ಪು ಹೆಚ್ಚೋ ಕಮ್ಮಿಯೋ ಅದೂ ತಿಳಿದಿರಲಿಲ್ಲ. ಇನ್ನೊಂದು ಮುದ್ದೆಗೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಎಂಜಲು ಕೈ ಮಡಿಲಲ್ಲಿಟ್ಟು ಮತ್ತೆ ಕೂತಳು.

"ಹೇಳಕ್ಕ, ಆಮೇಲೇನಾಯ್ತು?"

ಅಕ್ಕ ಕತೆ ಅಲ್ಲಿಗೇ ಬಿಟ್ಟಳು. ದೊಡ್ಡ ದೊಡ್ಡ ಚೂರು ಮುರಿದು ಗಬಗಬ ನುಂಗತೊಡಗಿದಳು.

"ನಿಧಾನಕ್ಕೆ ಉಣ್ಣಕ್ಕ."

"ನೀನು ಕಾಯ್ತಾ ಕೂತಿದ್ರೆ ನಂಗೆ ಹೆಂಗೆ ಇಳೀತದೆ ಕಣೇ," ಎಂದಳು ಅಕ್ಕ, ತಲೆ ಎತ್ತದೆ.