ಸಾಲಹಳ್ಳಿಯ ಗೋಡೆಯ ನೀಲಿಪಟ್ಟೆ ಜೇನು

ಕಿತ್ತೂರಿನಿಂದ ಬೆಳಗಿನ ಏಳರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಶಾಲೆಯ ಭೂತಗನ್ನಡಿ ಮತ್ತು ಒಂದು ಬೆಂಕಿಪೆಟ್ಟಿಗೆ ಇದ್ದವು. ಪೆಟ್ಟಿಗೆಯೊಳಗೆ ಹತ್ತಿಯ ಮೇಲೆ ಒಂದು ಸತ್ತ ಹುಳ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ದೀಪಾವಳಿ ಹತ್ತಿರವಿತ್ತು. ಅಂದು ಗುರುವಾರ. ಮರುದಿನ ಬೆಳಿಗ್ಗೆ ನಾನು ರಾಮದುರ್ಗ ತಾಲೂಕಿನ ಸಾಲಹಳ್ಳಿ ಮುಟ್ಟದಿದ್ದರೆ ನನ್ನ ತಪ್ಪಿಗೆ ಇನ್ನೊಂದು ಗೋಡೆ ಮುಚ್ಚಿಹೋಗುತ್ತಿತ್ತು.

ತಪ್ಪು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಸಾಲಹಳ್ಳಿಯ ಗಂಗವ್ವ ಎಂಬ ರೈತ ಹೆಣ್ಣುಮಗಳು, ನನ್ನ ಶಾಲೆಯಲ್ಲಿ ಓದುವ ತಮ್ಮ ತಂಗಿಯ ಮಗಳ ಕೈಯಲ್ಲಿ ಈ ಬೆಂಕಿಪೆಟ್ಟಿಗೆ ಕಳಿಸಿ, ತಮ್ಮ ಮನೆಯ ಮಣ್ಣಿನ ಗೋಡೆಯ ತೂತುಗಳಲ್ಲಿ ಇರುವ ಹುಳ ಯಾವುದೆಂದು ಕೇಳಿದ್ದರು. ಜೇನಾದರೆ ತೂಗುವ ಗೂಡು ಕಟ್ಟುತ್ತದೆ, ಗೋಡೆ ಕೊರೆಯುವುದು ಕಣಜ, ಇದೇನು ಕೇಳುವ ಮಾತೇ ಎಂದುಕೊಂಡೆ. ಭೂತಗನ್ನಡಿ ಕಪಾಟಿನಲ್ಲೇ ಇತ್ತು, ಏಳಲಿಲ್ಲ. ‘ಇದು ಕಣಜ, ಕಚ್ಚುತ್ತದೆ, ತೂತು ಮುಚ್ಚಿಸಿರಿ’ ಎಂದು ಕಾರ್ಡು ಬರೆದೆ.

ಮಹಾನವಮಿ ಆದ ಮೇಲೆ ಅವರ ಪತ್ರ ಬಂತು. ಹಬ್ಬಕ್ಕೆ ಮುಂಚೆಯೇ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ ತೂತು ಮುಚ್ಚಿಸಿದ್ದರಂತೆ. ನನ್ನ ಕಾರ್ಡು ಓದಿ ಪಕ್ಕದ ಮನೆಯ ಶಿವಪುತ್ರಪ್ಪನವರೂ ಬರುವ ಶುಕ್ರವಾರ ಗಾರೆ ಕೆಲಸಕ್ಕೆ ಗೌಂಡಿಗೆ ಹೇಳಿದ್ದರಂತೆ. ಕೊನೆಗೆ ಒಂದು ಸಾಲು: ‘ಅವು ಹಿಂಗಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಬರುತ್ತಿದ್ದವು, ಕಣಜಗಳೂ ಹಾಗೆ ಮಾಡುತ್ತವೆಯೇ?’

ಆಗ ಭೂತಗನ್ನಡಿ ತೆಗೆದೆ. ಹಿಂಗಾಲಿನ ತುಂಬ ಕುಂಚದಂಥ ದಟ್ಟ ಕೂದಲು. ಎದೆಯ ಮೇಲೆ ಕಂದು ರೋಮ, ಹೊಟ್ಟೆಯ ಮೇಲೆ ಅಡ್ಡಡ್ಡ ನಾಲ್ಕು ನೀಲಿ ಪಟ್ಟೆ. ಕಣಜದ ಕಾಲು ಹೀಗಿರುವುದಿಲ್ಲ, ಬೋಳಾಗಿರುತ್ತದೆ. ಇದು ಕಾಡುಜೇನು, ಒಂಟಿಯಾಗಿ ಮಣ್ಣಿನಲ್ಲಿ ಮನೆ ಮಾಡುವ ಜಾತಿ. ಕಾರ್ಡು ಹಾಕಿದರೆ ಅದು ಮುಟ್ಟುವುದರೊಳಗೆ ಗಿಲಾವು ಒಣಗಿರುತ್ತಿತ್ತು. ಅದಕ್ಕೇ ಹೊರಟೆ.

ಬೈಲಹೊಂಗಲದಲ್ಲಿ ಮುಂದಿನ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಯಿತು. ಚಹಾದಂಗಡಿಯ ಕಟ್ಟಿಗೆಯ ಕಂಬದಲ್ಲಿ ದುಂಡನೆಯ ತೂತಿತ್ತು. ಅದರೊಳಗಿಂದ ಹೆಬ್ಬೆಟ್ಟಿನಷ್ಟು ದಪ್ಪ ಕಪ್ಪು ದುಂಬಿಯೊಂದು ಹೊರಬಂತು. ಹೊಟ್ಟೆ ನುಣ್ಣಗೆ ಮಿಂಚುತ್ತಿತ್ತು, ರೆಕ್ಕೆಗೆ ನೇರಳೆ ಹೊಳಪು.

“ಕಂಬ ಹಾಳ ಮಾಡಾಕ ಹತ್ಯಾವ್ರಿ,” ಎಂದರು ಅಂಗಡಿಯವರು. “ಹೊಡದ ಹಾಕೂನು ಅಂತೇನಿ, ಆದರ ಒಮ್ಮಿನೂ ಕಚ್ಚಿಲ್ಲ ನೋಡ್ರಿ.”

“ಅದೂ ಜೇನಿನ ಜಾತೀನ,” ಎಂದೆ. ಅವರು ನನ್ನ ಮುಖ ನೋಡಿ ನಕ್ಕರು. ಮಹಾನವಮಿಗೆ ಮುಂಚೆ ನಾನೂ ಹೀಗೇ ನಕ್ಕಿದ್ದೆ.

ಸವದತ್ತಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಖಾನಾವಳಿಯಲ್ಲಿ ಎರಡು ರೊಟ್ಟಿ, ಬದನೆಯ ಎಣಗಾಯಿ, ಮಜ್ಜಿಗೆ. ಹಿತ್ತಲಲ್ಲಿ ಕೈ ತೊಳೆಯುವಾಗ ಚೆಂಡು ಹೂವಿನ ಮೇಲೆ ಹಳದಿ ಪಟ್ಟೆಯ ಹುಳವೊಂದು ಕೂತಿತ್ತು. ಜೇನು ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಬಗ್ಗಿ ನೋಡಿದರೆ ರೆಕ್ಕೆ ಒಂದೇ ಜೊತೆ, ಮೀಸೆ ಮೊಂಡು, ತಲೆಯೆಲ್ಲ ಕಣ್ಣೇ. ಅದು ಜೇನಿನ ವೇಷದ ನೊಣ. ಜೇನಿಗೆ ಎರಡು ಜೊತೆ ರೆಕ್ಕೆ, ಉದ್ದ ಮೀಸೆ. ಮಕ್ಕಳಿಗೆ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ ಪಾಠ ಇದು.

ಸಂಜೆ ರಾಮದುರ್ಗದಲ್ಲಿ ಇಳಿದೆ. ಸಾಲಹಳ್ಳಿಯ ಬಸ್ಸು ತಪ್ಪಿತ್ತು. ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ಉಳಿದು ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ರಸ್ತೆಯ ಎರಡೂ ಕಡೆ ಆಗ ತಾನೆ ಎದ್ದ ಬಿಳಿಜೋಳದ ಪೈರಿನ ಮೇಲೆ ಇಬ್ಬನಿ ಇತ್ತು. ನನಗೆ ಅದನ್ನು ನೋಡುವ ಮನಸ್ಸಿರಲಿಲ್ಲ.

ಶಿವಪುತ್ರಪ್ಪನವರ ಗೋಡೆ ಮುಟ್ಟಿದಾಗ ಗೌಂಡಿ ಅರ್ಧ ಗಿಲಾವು ಮುಗಿಸಿದ್ದ. ಹಸಿ ಸಿಮೆಂಟಿನ ಮುಂದೆ ಹುಳಗಳು ಬಾಗಿಲು ಹುಡುಕುತ್ತ ಹಾರಾಡುತ್ತಿದ್ದವು. ಕಾರ್ಡು ಬರೆದ ಮಾಸ್ತರ ನಾನೇ ಎಂದು ಹೇಳಿ, ಕೆಲಸ ನಿಲ್ಲಿಸಲು ಕೇಳಿಕೊಂಡೆ.

ಶಿವಪುತ್ರಪ್ಪನವರು ಕಟ್ಟೆಯಿಂದ ಎದ್ದು ಬಂದರು. “ಕಾರ್ಡಿನ್ಯಾಗ ಒಂದು ಬರದ್ರಿ, ಈಗ ಬಾಯಿಲೆ ಒಂದು ಹೇಳ್ತೀರಿ. ಯಾವುದನ್ನ ನಂಬೂಣ್ರಿ ಮಾಸ್ತರ?”

ಅಷ್ಟರಲ್ಲಿ ಗದ್ದಲ ಕೇಳಿ ಗಂಗವ್ವ ಬಂದರು. ಐವತ್ತರ ಹೆಣ್ಣುಮಗಳು, ಸೆರಗಿನ ತುದಿ ನಡುವಿಗೆ ಸಿಕ್ಕಿಸಿದ್ದರು. ತಮ್ಮ ಮನೆಯಿಂದ ಗಾಜಿನ ಲೋಟವನ್ನೂ ನನ್ನ ಕಾರ್ಡನ್ನೂ ತಂದು, ಗೋಡೆಯ ಮೇಲೆ ಕೂತ ಒಂದು ಹುಳದ ಮೇಲೆ ಲೋಟ ಬೋರಲು ಹಾಕಿ, ಅದರ ಬಾಯಿಗೆ ಆ ಕಾರ್ಡನ್ನೇ ಸರಿಸಿ ಎತ್ತಿದರು.

“ನೋಡ್ರಿ ಅಣ್ಣಾರ, ಅವರನ್ನೂ ನಂಬಬ್ಯಾಡ್ರಿ, ನನ್ನನ್ನೂ ನಂಬಬ್ಯಾಡ್ರಿ,” ಎಂದು ಶಿವಪುತ್ರಪ್ಪನವರಿಗೆ ಲೋಟ ಕೊಟ್ಟರು.

ನಾನು ಭೂತಗನ್ನಡಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಕಾಲಾಗ ಪುಡಿ ಐತಿ. ಮೈತುಂಬ ಕೂದಲ ಐತಿ.”

“ಕಣಜ ಮರಿಗೆ ಹುಳ ಹಿಡಿದು ತರುತ್ತದೆ, ಪುಡಿ ತರುವುದಿಲ್ಲ,” ಎಂದೆ. “ಇದು ಬದನೆಯ ಹೂವನ್ನು ತಬ್ಬಿ ಮೈ ನಡುಗಿಸಿ, ಪುಡಿ ಉದುರಿಸಿ ಕಾಯಿ ಕಟ್ಟಿಸುವ ಜೇನು. ನಾನು ನೋಡದೆ ಬರೆದೆ. ತಪ್ಪಾಯಿತು.”

ಶಿವಪುತ್ರಪ್ಪನವರು ಗೌಂಡಿಯ ಕಡೆ ತಿರುಗಿದರು. “ಹಸಿ ಇರೂದರಾಗ ಎಲ್ಲಾ ಕೆರದ ತಗಿಯಪಾ.”

ನನಗೆ ಜೀವ ಬಂದಂತಾಯಿತು. ಗಂಗವ್ವ ಮಾತ್ರ ತಮ್ಮ ಗೋಡೆಯ ಹತ್ತಿರ ಹೋಗಿದ್ದರು. ಅಲ್ಲಿ ಸಿಮೆಂಟು ಒಣಗಿ ಕಲ್ಲಾಗಿತ್ತು. ಕುಡುಗೋಲಿನ ಹಿಂಬದಿಯಿಂದ ಕುಟ್ಟಿ ಒಂದು ಬಿಲ್ಲೆ ಕೆಡವಿದರು. ಹಿಂದೆ ಮೂರು ತೂತು. ಮೂರರಲ್ಲೂ ಒಳಗೆ ಹುಟ್ಟಿ ಬೆಳೆದ ಹೊಸ ಜೇನುಗಳು, ತಲೆ ಹೊರಗಡೆಗೆ ಮಾಡಿ, ಸಿಮೆಂಟಿಗೆ ಬಾಯಿ ಹಚ್ಚಿ ಸತ್ತಿದ್ದವು.

“ನನಗ ಸಂಶೆ ಇತ್ರಿ ಸರ,” ಎಂದರು ಅವರು. “ದಿನಾ ನೋಡತಿದ್ದೆ, ಪುಡಿ ಹೊತಗೊಂಡ ಬರತಿದ್ದುವು. ಆದರ ಕಲ್ತವರು ಬರದಾರಲಾ ಅಂತ, ನನ್ನ ಕಣ್ಣನ್ನ ನಾನ ಸುಳ್ಳ ಮಾಡಿದೆ.”

ಅವರು ಕಾರ್ಡು ಚಾಚಿದರು. “ಇದು ಓಣಿ ತುಂಬ ಅಡ್ಡಾಡೇತ್ರಿ. ಇದರ ಮ್ಯಾಲೇ ತಿದ್ದಿ ಸಹಿ ಮಾಡ್ರಿ.” ‘ಕಣಜ’ ಎಂಬುದನ್ನು ಹೊಡೆದುಹಾಕಿ ‘ಜೇನು’ ಎಂದು ಬರೆದೆ. ‘ಕಚ್ಚುತ್ತದೆ, ತೂತು ಮುಚ್ಚಿಸಿರಿ’ ಎಂಬುದನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದೆ. ಭೂತಗನ್ನಡಿಯನ್ನು ಅವರಲ್ಲೇ ಬಿಟ್ಟೆ.

ಚಹಾ ಕುಡಿಸಿಯೇ ಕಳಿಸಿದರು. ಹನ್ನೊಂದರ ಬಸ್ಸು ಅವರ ಓಣಿಯ ತಲೆಯಲ್ಲೇ ತಿರುಗುತ್ತದೆ. ಕಿಟಕಿಯಿಂದ ನೋಡಿದೆ. ಶಿವಪುತ್ರಪ್ಪನವರ ಗೋಡೆಯಲ್ಲಿ ಜೇನುಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಗಂಗವ್ವ ಬಸ್ಸಿನ ಕಡೆ ತಿರುಗಲಿಲ್ಲ. ಕುಡುಗೋಲು ಹಿಡಿದು, ಒಂದೂ ಜೀವ ಉಳಿದಿರದ ತಮ್ಮ ಗೋಡೆಯ ಸಿಮೆಂಟನ್ನು ಕುಟ್ಟುತ್ತಲೇ ಇದ್ದರು.